ಉಪ್ಪು ಒಳಗೆ, ಮಸಾಲೆ ಹೊರಗೆ

ತಂದೂರಿ ಕೋಳಿಯ ದಪ್ಪ ತುಂಡೊಂದನ್ನು ನಡುವೆ ಸೀಳಿ ನೋಡಿ. ಹೊರಗೆ ಕಡುಗೆಂಪು, ಅಲ್ಲಲ್ಲಿ ಕರಕಲು. ಆ ಕೆಂಪು ಎರಡು ಮೂರು ಮಿಲಿಮೀಟರ್ ಇಳಿದು ನಿಂತುಬಿಟ್ಟಿರುತ್ತದೆ. ಅಲ್ಲಿಂದ ಒಳಗೆ ಮಾಂಸ ಬರೀ ಬಿಳಿ. ರಾತ್ರಿಯಿಡೀ ಮೊಸರು, ಮೆಣಸಿನಪುಡಿ, ಶುಂಠಿ, ಬೆಳ್ಳುಳ್ಳಿಗಳ ಮಸಾಲೆಯಲ್ಲಿ ಮುಳುಗಿದ್ದ ಕೋಳಿ ಇದು. ಹನ್ನೆರಡು ಗಂಟೆ ಕಾದರೂ ಬಣ್ಣ ಒಳಗೆ ಹೋಗಿಲ್ಲ. ಇನ್ನೂ ಒಂದು ದಿನ ಬಿಟ್ಟಿದ್ದರೂ ಹೆಚ್ಚೇನೂ ಹೋಗುತ್ತಿರಲಿಲ್ಲ. ಆದರೆ ಆ ಬಿಳಿ ಭಾಗವನ್ನಷ್ಟೇ ಕಿತ್ತು ಬಾಯಿಗೆ ಹಾಕಿಕೊಂಡರೆ ಸಪ್ಪೆ ಎನಿಸುವುದಿಲ್ಲ. ಬಣ್ಣ ಹೋಗಲಾರದ ಕಡೆಗೆ ಉಪ್ಪು ಹೋಗಿರುತ್ತದೆ.

ಈ ಅಧ್ಯಾಯ ಹೇಳಬೇಕಾದದ್ದರ ಬಹುಪಾಲು ಆ ಒಂದು ಸೀಳಿನಲ್ಲೇ ಇದೆ. ಮಸಾಲೆ ಹಚ್ಚಿ ನೆನೆಸಿಡುವಾಗ ನಾವು ಹತ್ತು ಹದಿನೈದು ಪದಾರ್ಥಗಳನ್ನು ಒಟ್ಟಿಗೆ ಕಲಸಿ, ಎಲ್ಲವೂ ಸೇರಿ ಒಂದೇ ಕೆಲಸ ಮಾಡುತ್ತವೆ ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಉಪ್ಪಿನ ಕೆಲಸ ಬೇರೆ, ಹುಳಿಯ ಕೆಲಸ ಬೇರೆ, ಪರಂಗಿಕಾಯಿಯದ್ದು ಇನ್ನೂ ಬೇರೆ. ಒಂದೊಂದಕ್ಕೂ ತನ್ನದೇ ವೇಗ, ತನ್ನದೇ ಆಳ. ಹೆಚ್ಚು ಹೊತ್ತು ನೆನೆದಷ್ಟೂ ಮಸಾಲೆ ಚೆನ್ನಾಗಿ ಹಿಡಿಯುತ್ತದೆ ಎಂಬ ಮಾತು ಉಪ್ಪಿಗೆ ಸಲ್ಲುತ್ತದೆ. ಹುಳಿ ಮತ್ತು ಪರಂಗಿಕಾಯಿಯ ವಿಷಯದಲ್ಲಿ ಅದು ಅಡುಗೆಯನ್ನೇ ಕೆಡಿಸಬಲ್ಲದು.

ಮೊದಲು ಮಾಂಸ ಎಂದರೇನು ಎಂದು ನೋಡೋಣ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ನೀರು, ಐದನೇ ಒಂದು ಪಾಲು ಪ್ರೋಟೀನ್, ಉಳಿದದ್ದು ಕೊಬ್ಬು ಇತ್ಯಾದಿ. ಅಷ್ಟು ನೀರಿದ್ದರೂ ಮಾಂಸವನ್ನು ಹಿಂಡಿದರೆ ನೀರು ಸುರಿಯುವುದಿಲ್ಲ. ಕಾರಣ ಅದರ ರಚನೆ. ತೆಂಗಿನ ನಾರಿನ ಹಗ್ಗದಲ್ಲಿ ಸಣ್ಣ ಎಳೆಗಳು ಸೇರಿ ಹುರಿಯಾಗಿ, ಹುರಿಗಳು ಸೇರಿ ಹಗ್ಗವಾಗುವಂತೆ, ಸ್ನಾಯುವಿನಲ್ಲೂ ಕಣ್ಣಿಗೆ ಕಾಣದ ತಂತುಗಳು ಸೇರಿ ನಾರಾಗುತ್ತವೆ, ನಾರುಗಳು ಸೇರಿ ಕಟ್ಟುಗಳಾಗುತ್ತವೆ. ತಂತುಗಳಲ್ಲಿರುವ ಮುಖ್ಯ ಪ್ರೋಟೀನ್‌ಗಳು ಮಯೋಸಿನ್ ಮತ್ತು ಆಕ್ಟಿನ್. ಇವುಗಳ ನಡುವಿನ ಸಂದುಗಳಲ್ಲೇ ನೀರು ಸಿಕ್ಕಿಕೊಂಡಿರುತ್ತದೆ. ನಾರುಗಳನ್ನೂ ಕಟ್ಟುಗಳನ್ನೂ ಸುತ್ತಿ ಹಿಡಿದಿರುವ ತೆಳು ಪೊರೆ ಕೊಲಾಜೆನ್ ಎಂಬ ಇನ್ನೊಂದು ಪ್ರೋಟೀನಿನದು.

ಬೇಯಿಸಿದಾಗ ಎರಡು ಸಂಗತಿಗಳು ನಡೆಯುತ್ತವೆ, ಎರಡೂ ಒಂದಕ್ಕೊಂದು ವಿರುದ್ಧ. 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮಯೋಸಿನ್ ಗಟ್ಟಿಯಾಗುತ್ತದೆ, ತಂತುಗಳು ಕುಗ್ಗಿ ನೀರನ್ನು ಹೊರಕ್ಕೆ ದೂಡುತ್ತವೆ. 60–65 ಡಿಗ್ರಿಯ ಆಸುಪಾಸಿನಲ್ಲಿ ಕೊಲಾಜೆನ್ ಪೊರೆ ತಾನೂ ಕುಗ್ಗಿ ನಾರುಗಳನ್ನು ಹಿಂಡುತ್ತದೆ. ಇದು ಮಾಂಸವನ್ನು ಒಣಗಿಸುವ ದಾರಿ. ಇನ್ನೊಂದು ಕಡೆ, ಅದೇ ಕೊಲಾಜೆನ್ ನೀರಿನಲ್ಲಿ 80–90 ಡಿಗ್ರಿಯ ಬಿಸಿಯಲ್ಲಿ ಗಂಟೆಗಟ್ಟಲೆ ಕೂತರೆ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಹೆಪ್ಪುಗಟ್ಟುವುದು ಇದರಿಂದಲೇ. ಕೋಳಿಯ ಎದೆಯಂತಹ ಕಡಿಮೆ ಕೊಲಾಜೆನ್‌ನ ಮಾಂಸಕ್ಕೆ ನೀರು ಕಳೆದುಕೊಳ್ಳುವುದೇ ದೊಡ್ಡ ಕಷ್ಟ. ಬಲಿತ ಕುರಿಯ ತೊಡೆಗೆ ಕೊಲಾಜೆನ್ ಕರಗದಿರುವುದೇ ಕಷ್ಟ. ಇವೆರಡಕ್ಕೂ ಒಂದೇ ಮಸಾಲೆ, ಒಂದೇ ಹೊತ್ತು ಎಂದು ನಿಗದಿ ಮಾಡುವ ಪಾಕವಿಧಾನಗಳನ್ನು ನಾನು ಒಪ್ಪಲಾರೆ.

ಉಪ್ಪು ಮಾತ್ರ ಎರಡಕ್ಕೂ ಬೇಕು. 1983ರಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಆಫರ್ ಮತ್ತು ಜಾನ್ ಟ್ರಿನಿಕ್ ಎಂಬ ವಿಜ್ಞಾನಿಗಳು ಸ್ನಾಯುವಿನ ಒಂಟಿ ತಂತುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೇಲಿಂದ ಉಪ್ಪುನೀರು ಹರಿಸಿ, ಏನಾಗುತ್ತದೆಂದು ಕಣ್ಣಾರೆ ಕಂಡರು. ಉಪ್ಪು ಸಾಕಷ್ಟಿದ್ದಾಗ ತಂತುಗಳು ಊದಿಕೊಂಡು ಗಾತ್ರ ಸುಮಾರು ಎರಡು ಪಟ್ಟಾಯಿತು. ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರೈಡ್. ಕ್ಲೋರೈಡ್ ಅಯಾನುಗಳು ಪ್ರೋಟೀನಿಗೆ ಅಂಟಿಕೊಂಡು ಅದರ ಋಣ ವಿದ್ಯುದಂಶವನ್ನು ಹೆಚ್ಚಿಸುತ್ತವೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವಲ್ಲ, ಹಾಗೆ ತಂತುಗಳು ಸರಿದು ನಿಲ್ಲುತ್ತವೆ. ನಡುವೆ ಜಾಗವಾಗುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಮಯೋಸಿನ್‌ನ ಒಂದಿಷ್ಟು ಭಾಗ ಕರಗಿ ಸಡಿಲವಾಗುತ್ತದೆ. ಇಂತಹ ಮಾಂಸ ಬೇಯುವಾಗ ಮೊದಲಿನಷ್ಟು ಬಿಗಿಯಾಗಿ ಕುಗ್ಗಲಾರದು. ಉಪ್ಪು ರುಚಿಗಷ್ಟೇ ಎಂದು ನಾವು ತಿಳಿದಿದ್ದೇವೆ. ಮೃದುತ್ವಕ್ಕೂ ರಸಕ್ಕೂ ಅಡುಗೆಮನೆಯಲ್ಲಿರುವ ಅತಿ ನಂಬಿಕಸ್ಥ ಪದಾರ್ಥ ಅದೇ.

ಅದು ಒಳಗೆ ಹೋಗುವುದು ವಿಸರಣೆಯಿಂದ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ತಾವಾಗಿ ಹರಡಿಕೊಳ್ಳುವುದರಿಂದ. ಈ ಹರಡುವಿಕೆಗೆ ನಿಯಮ ಬರೆದವನು ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞ, 1855ರಲ್ಲಿ. ಅವನು ಪ್ರಯೋಗಕ್ಕೆ ಆರಿಸಿಕೊಂಡದ್ದೂ ನೀರಿನಲ್ಲಿ ಹರಡುವ ಉಪ್ಪನ್ನೇ. ಆ ನಿಯಮದಿಂದ ಹೊರಡುವ ಒಂದು ಫಲಿತಾಂಶ ಅಡುಗೆ ಮಾಡುವ ಎಲ್ಲರಿಗೂ ಗೊತ್ತಿರಬೇಕು: ದೂರ ಎರಡು ಪಟ್ಟಾದರೆ ತಗಲುವ ಕಾಲ ನಾಲ್ಕು ಪಟ್ಟಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಉಪ್ಪು ಒಂದು ರಾತ್ರಿಗೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಸೆಂಟಿಮೀಟರ್ ಇಳಿಯುತ್ತದೆ. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಎರಡೂ ಬದಿಯಿಂದ ಉಪ್ಪು ನಡೆದುಬರುವುದರಿಂದ ಒಂದು ರಾತ್ರಿ ಸಾಕು. ಇಡೀ ಕೋಳಿಗೋ ಕುರಿಯ ಇಡೀ ತೊಡೆಗೋ ಒಂದು ರಾತ್ರಿ ಏನೇನೂ ಸಾಲದು. ಉಪ್ಪಿನ ಪ್ರಮಾಣ ಮಾಂಸದ ತೂಕದ ನೂರಕ್ಕೆ ಒಂದರಿಂದ ಒಂದೂವರೆ ಪಾಲು, ಅಂದರೆ ಒಂದು ಕೆಜಿಗೆ 10ರಿಂದ 15 ಗ್ರಾಂ, ಎರಡು ಚಹಾ ಚಮಚದ ಆಸುಪಾಸು. ಅಂಗಡಿಯಲ್ಲಿ ಸಿಗುವ ಸಿದ್ಧ ಮಸಾಲೆ ಕೋಳಿಗೆ ಕಾರ್ಖಾನೆಯವರು ರಾತ್ರಿಯಿಡೀ ಕಾಯುತ್ತ ಕೂರುವುದಿಲ್ಲ. ಸಾಲು ಸೂಜಿಗಳಿಂದ ಉಪ್ಪುನೀರನ್ನು ನೇರ ಒಳಕ್ಕೆ ಚುಚ್ಚುತ್ತಾರೆ. ಹಾಗೆ ಚುಚ್ಚಿದ ನೀರಿಗೂ ಕೊಳ್ಳುವವರು ಕೋಳಿಯ ದರವನ್ನೇ ಕೊಡುತ್ತಾರೆ ಎಂಬುದು ನೆನಪಿರಲಿ.

ಇನ್ನು ಬಣ್ಣ ಮತ್ತು ಪರಿಮಳ ಯಾಕೆ ಹೊರಗೇ ನಿಲ್ಲುತ್ತವೆ? ಮೊದಲ ಕಾರಣ ಗಾತ್ರ. ಸೋಡಿಯಂನ ತೂಕ ಪರಮಾಣು ಮಾನದಲ್ಲಿ 23. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ನದು 305, ಅರಿಸಿನದ ಹಳದಿಯಾದ ಕರ್ಕ್ಯುಮಿನ್‌ನದು 368. ಗಾತ್ರಕ್ಕಿಂತ ದೊಡ್ಡ ಕಾರಣ ಎಣ್ಣೆ–ನೀರಿನ ಜಗಳ. ಖಾರ, ಅರಿಸಿನದ ಬಣ್ಣ, ಲವಂಗ, ಏಲಕ್ಕಿ, ಚಕ್ಕೆಗಳ ಪರಿಮಳ ಹೆಚ್ಚಾಗಿ ಎಣ್ಣೆಯಲ್ಲಿ ಕರಗುವಂಥವು. ಮಾಂಸವೋ ಮುಕ್ಕಾಲು ಪಾಲು ನೀರು. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಕಡಿಮೆ ಖಾರಕ್ಕೂ ಗಾಢ ಕೆಂಪಿಗೂ ಹೆಸರಾದ ಹಾವೇರಿ ಸೀಮೆಯ ಈ ಮೆಣಸಿನ ಬಣ್ಣವನ್ನು ಉದ್ಯಮದವರು ತೆಗೆಯುವುದು ಎಣ್ಣೆಯಂತಹ ಓಲಿಯೊರೆಸಿನ್ ರೂಪದಲ್ಲಿ. ನೀರಿನಲ್ಲಿ ನೆನೆಸಿದರೆ ಆ ಕೆಂಪು ಸರಿಯಾಗಿ ಬಿಡುವುದೇ ಇಲ್ಲ, ಬಿಸಿ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಬಿಡುತ್ತದೆ. ಮೊಸರಿನ ಮಸಾಲೆಗೆ ಒಂದೆರಡು ಚಮಚ ಎಣ್ಣೆ ಸೇರಿಸುವ ಹಳೆಯ ಪದ್ಧತಿ ಹಾಗಾಗಿ ಸರಿಯಾದದ್ದೇ. ಆ ಎಣ್ಣೆ ಮಸಾಲೆಯನ್ನು ಮಾಂಸದ ಆಳಕ್ಕೆ ಒಯ್ಯುವುದಿಲ್ಲ. ಪರಿಮಳವನ್ನು ತನ್ನೊಳಗೆ ಕರಗಿಸಿಕೊಂಡು ಮೇಲ್ಮೈಯಲ್ಲಿ ಹಿಡಿದಿಡುತ್ತದೆ, ಬೆಂಕಿಗೆ ಬಿದ್ದಾಗ ಅಲ್ಲೇ ಹುರಿಯುತ್ತದೆ.

ಮಸಾಲೆ ಮೇಲ್ಮೈಯಲ್ಲೇ ನಿಲ್ಲುವುದು ಸೋಲಲ್ಲ. ನಾಲಿಗೆಗೆ ಮೊದಲು ತಾಗುವುದು ಮೇಲ್ಮೈ. ಬೆಂಕಿಯ ಕೆಲಸ ನಡೆಯುವುದೂ ಅಲ್ಲೇ. ಹಾಗಾದರೆ ಮಸಾಲೆ ಹೆಚ್ಚು ಹಿಡಿಯಬೇಕೆಂದರೆ ಹೆಚ್ಚಿಸಬೇಕಾದದ್ದು ಕಾಯುವ ಹೊತ್ತನ್ನಲ್ಲ, ಮೇಲ್ಮೈಯನ್ನು. ಒಂದು ಲೆಕ್ಕ ಹಾಕೋಣ. ನಾಲ್ಕು ಸೆಂಟಿಮೀಟರ್ ಅಂಚಿನ ಘನಾಕಾರದ ತುಂಡಿಗೆ ಮಸಾಲೆ ಮೂರು ಮಿಲಿಮೀಟರ್ ಇಳಿದರೆ ತುಂಡಿನ ಶೇ. 39ರಷ್ಟು ಭಾಗ ಮಸಾಲೆ ಕಂಡಂತಾಯಿತು. ಅದೇ ತುಂಡನ್ನು ಎಂಟು ಹೋಳು ಮಾಡಿ, ಎರಡು ಸೆಂಟಿಮೀಟರ್ ಅಂಚಿನ ತುಂಡುಗಳಾಗಿಸಿದರೆ ಶೇ. 66ರಷ್ಟು ಭಾಗ ಮಸಾಲೆ ಕಾಣುತ್ತದೆ. ಮಸಾಲೆ ಅದೇ, ಹೊತ್ತೂ ಅದೇ, ಕತ್ತಿಯ ಕೆಲಸ ಮಾತ್ರ ಹೆಚ್ಚು. ಬೆಂಗಳೂರಿನ ಬೀದಿಬದಿಯ ಕಬಾಬಿನವರು ಕೋಳಿಯನ್ನು ಸಣ್ಣಗೆ ಕಡಿಯುವುದು, ತಂದೂರಿಯವರು ಕಾಲಿಗೆ ಆಳವಾಗಿ ಗೀರು ಹಾಕುವುದು, ಕರಾವಳಿಯವರು ಇಡೀ ಬಂಗುಡೆಯ ಎರಡೂ ಪಕ್ಕಕ್ಕೆ ಕಚ್ಚು ಕೊಡುವುದು, ಎಲ್ಲವೂ ಇದೇ ಲೆಕ್ಕವನ್ನು ಕೈಯಲ್ಲಿ ಮಾಡಿದಂತೆ.

ಹುಳಿಯ ಕಥೆ ಇಷ್ಟು ಸರಳವಲ್ಲ. ಬದುಕಿರುವ ಪ್ರಾಣಿಯ ಸ್ನಾಯುವಿನ ಪಿಎಚ್ ಸುಮಾರು 7, ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಸತ್ತ ಮೇಲೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ಅದು 5.5ರ ಆಸುಪಾಸಿಗೆ ಇಳಿಯುತ್ತದೆ. ಕೋಳಿಯಲ್ಲಿ ಇನ್ನೊಂದಿಷ್ಟು ಮೇಲೆ. ಇನ್ನೂ ಸ್ವಲ್ಪ ಕೆಳಗಿಳಿದು 5ರಿಂದ 5.3ರ ನಡುವೆ ಬಂದರೆ ಮಾಂಸದ ಪ್ರೋಟೀನ್‌ಗಳ ಧನ, ಋಣ ವಿದ್ಯುದಂಶಗಳು ಸಮವಾಗಿಬಿಡುತ್ತವೆ. ಆಗ ತಂತುಗಳ ನಡುವೆ ತಳ್ಳಾಟವಿಲ್ಲ, ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ, ನೀರಿಗೆ ಜಾಗವಿಲ್ಲ. ಅಂದರೆ ಅಲ್ಪಸ್ವಲ್ಪ ಹುಳಿ ಮಾಂಸವನ್ನು ಮೃದುಮಾಡುವ ಬದಲು ಒಣಗಿಸಬಹುದು. ಇನ್ನೂ ಹುಳಿ ಸೇರಿ ಪಿಎಚ್ 4.5ಕ್ಕಿಂತ ಕೆಳಗಿಳಿದಾಗ ತಂತುಗಳು ಮತ್ತೆ ಊದತೊಡಗುತ್ತವೆ, ಕೊಲಾಜೆನ್ ಕೂಡ ಸಡಿಲವಾಗಿ ಬೇಗ ಜೆಲಟಿನ್ ಆಗುತ್ತದೆ. ಅಲ್ಲಿಯೂ ನಿಲ್ಲದೆ ನಿಂಬೆರಸದಂತಹ ಕಟು ಹುಳಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಹೊರಪದರದ ಪ್ರೋಟೀನ್‌ಗಳು ಬೆಂಕಿಯಿಲ್ಲದೆಯೇ ಬೆಂದಂತೆ ಬಿಳಚಿ ಗಟ್ಟಿಯಾಗುತ್ತವೆ. ಪೆರು ದೇಶದ ಸೆವಿಚೆ ಎಂಬ ಖಾದ್ಯದಲ್ಲಿ ಹಸಿ ಮೀನನ್ನು ನಿಂಬೆರಸದಲ್ಲಿ ಹಾಗೇ ಬಿಳಿಯಾಗಿಸುತ್ತಾರೆ. 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಆ ಖಾದ್ಯಕ್ಕೆ ಅದು ಲಕ್ಷಣ. ನಮ್ಮ ಕೋಳಿ ಟಿಕ್ಕಾಕ್ಕೆ ಅದೇ ದೋಷ, ತಿಂದರೆ ಸೀಮೆಸುಣ್ಣ ಅಗಿದ ಹಾಗೆ ಪುಡಿಪುಡಿ.

ಮೊಸರು ಗೆಲ್ಲುವುದು ಇಲ್ಲಿ. ನಿಂಬೆರಸದ ಪಿಎಚ್ 2ರಿಂದ 2.5, ಮೊಸರಿನದು 4ರಿಂದ 4.5. ಹುಳಿ ಸೌಮ್ಯ, ಕೆಲಸ ನಿಧಾನ. ಮೇಲಾಗಿ ಅದು ಗಟ್ಟಿಯಾಗಿರುವುದರಿಂದ ಮಸಾಲೆಯನ್ನು ಜಾರಗೊಡದೆ ಮಾಂಸಕ್ಕೆ ಅಂಟಿಸಿಡುತ್ತದೆ. ಅದರ ಕೊಬ್ಬು ಎಣ್ಣೆಯಲ್ಲಿ ಕರಗುವ ಪರಿಮಳಗಳಿಗೆ ಮನೆಯಾಗುತ್ತದೆ. ಅದರ ಸಕ್ಕರೆ ಮತ್ತು ಪ್ರೋಟೀನ್ ಬೆಂಕಿಗೆ ಸಿಕ್ಕು ಕಂದುಬಣ್ಣಕ್ಕೆ ತಿರುಗುತ್ತವೆ. ಒಂದು ರಾತ್ರಿ ತಡೆಯುವ ಹುಳಿ ಎಂದರೆ ಮೊಸರೊಂದೇ. ನಿಂಬೆರಸವನ್ನು ಒಲೆಗೆ ಇಡುವ ಅರ್ಧ ಗಂಟೆ ಮೊದಲು ಹಾಕಿದರೆ ಸಾಕು. ಬೆಂದ ಮೇಲೆ ಹಿಂಡಿದರೆ ಇನ್ನೂ ಒಳ್ಳೆಯದು.

ಹುಳಿಯಲ್ಲಿ ಅದ್ದುವುದರ ಮೂಲ ಉದ್ದೇಶ ಮೃದುವಾಗಿಸುವುದಕ್ಕಿಂತ ಕೆಡದಂತೆ ಕಾಯುವುದಿರಬೇಕು. ಗೋವೆಯ ವಿಂದಾಲು ಪೋರ್ಚುಗೀಸರ ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ ಹಂದಿಮಾಂಸದಿಂದ ಬಂದದ್ದು. ಇಲ್ಲಿಗೆ ಬಂದ ಮೇಲೆ ವೈನಿನ ಜಾಗಕ್ಕೆ ವಿನೆಗರ್ ಸೇರಿತು. ಕೊಡಗಿನ ಪಂದಿ ಕರಿಗೆ ಕಪ್ಪು ಬಣ್ಣವನ್ನೂ ಕಟು ಹುಳಿಯನ್ನೂ ಕೊಡುವ ಕಾಚಂಪುಳಿ, ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣಿನ ರಸವನ್ನು ಕುದಿಸಿ ಬತ್ತಿಸಿದ್ದು. ಈ ಹಣ್ಣಿನ ಹುಳಿ ಯಾವುದು ಎಂಬುದನ್ನು ಖಚಿತಪಡಿಸಿದ ಕೆಲಸ ನಡೆದದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಈ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು ಪ್ರಕಟಿಸಿದರು. ಅದಕ್ಕೂ ಮೊದಲು ಅದನ್ನು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದೇ ಎಣಿಸಿದ್ದರು. ನಮ್ಮ ಕಾಡಿನ ಹಣ್ಣೊಂದರ ರಸಾಯನ ನಮ್ಮ ಊರಲ್ಲೇ ಬಿಡಿಸಲ್ಪಟ್ಟದ್ದು ಹೆಚ್ಚು ಜನರಿಗೆ ತಿಳಿಯಬೇಕಾದ ಸಂಗತಿ.

ಪರಂಗಿಕಾಯಿಗೆ ಬರೋಣ. ಎಳೆ ಪರಂಗಿಕಾಯಿಯನ್ನು ಗೀರಿದರೆ ಸೋರುವ ಬಿಳಿ ಹಾಲಿನಲ್ಲಿ ಪಪೇಯ್ನ್ ಎಂಬ ಕಿಣ್ವವಿದೆ. 1879ರಲ್ಲಿ ಫ್ರಾನ್ಸಿನ ವುರ್ಟ್ಸ್ ಮತ್ತು ಬೂಶು ಇದಕ್ಕೆ ಈ ಹೆಸರಿಟ್ಟರು. ಪ್ರೋಟೀನಿನ ಸರಪಳಿಯನ್ನು ತುಂಡರಿಸುವುದು ಇದರ ಕಸುಬು. ಅನಾನಸಿನ ಬ್ರೊಮೆಲೇನ್, ಅಂಜೂರದ ಫಿಸಿನ್, ಕಿವಿ ಹಣ್ಣಿನ ಆಕ್ಟಿನಿಡಿನ್ ಇದರ ಸೋದರರು. ನಮ್ಮ ಹಸಿಶುಂಠಿಯಲ್ಲೂ ಇಂಥದ್ದೊಂದಿದೆ ಎಂದು 1973ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಅದು ಕೊಲಾಜೆನ್‌ನ ಮೇಲೂ ಕೆಲಸ ಮಾಡುತ್ತದೆ. ಶುಂಠಿ–ಬೆಳ್ಳುಳ್ಳಿ ಪೇಸ್ಟನ್ನು ಬರೀ ಘಮಕ್ಕಾಗಿ ಹಚ್ಚುತ್ತೇವೆ ಎಂದುಕೊಂಡಿದ್ದವರಿಗೆ ಇದು ಹೊಸ ವಿಷಯವಿರಬಹುದು. ಆದರೆ ಅದು ಆಗ ಅರೆದ ಶುಂಠಿಯಾಗಿರಬೇಕು. ಬಿಸಿ ಮಾಡಿ ಡಬ್ಬಿ ತುಂಬಿದ ಅನಾನಸಿನಲ್ಲಿ ಕಿಣ್ವ ಸತ್ತಿರುತ್ತದೆ, ಚೆನ್ನಾಗಿ ಹಣ್ಣಾದ ಪರಂಗಿಯಲ್ಲಿ ಹಾಲೇ ಇಲ್ಲವಾಗಿರುತ್ತದೆ. ಪಪೇಯ್ನ್‌ಗೆ ಹೊರಗೆ ದೊಡ್ಡ ಮಾರುಕಟ್ಟೆಯೂ ಇದೆ. ಬಿಯರ್ ತಂಪಾದಾಗ ಮಬ್ಬಾಗದಂತೆ ತಡೆಯಲು ನೂರು ವರ್ಷಕ್ಕೂ ಹಿಂದಿನಿಂದ ಅದನ್ನು ಬಳಸುತ್ತಿದ್ದಾರೆ. ಕೊಯಮತ್ತೂರಿನಲ್ಲಿ ಕೃಷಿ ವಿಜ್ಞಾನಿಗಳು ಸಿಒ–5 ತಳಿಯನ್ನು ಆರಿಸಿದ್ದು ಹಣ್ಣಿಗಿಂತ ಹಾಲಿಗಾಗಿ.

ಪಪೇಯ್ನ್ ಎಷ್ಟು ಆಳಕ್ಕೆ ಹೋಗುತ್ತದೆ? ಅದರ ಅಣುತೂಕ 23,400ರಷ್ಟು. ಸೋಡಿಯಂನ ಸಾವಿರ ಪಟ್ಟು. ಇಂಥ ದೈತ್ಯ ಅಣು ಮಾಂಸದೊಳಗೆ ನಡೆದುಹೋಗುವುದು ಅಸಾಧ್ಯವೆನ್ನುವಷ್ಟು ನಿಧಾನ. ಮೇಲ್ಮೈಯನ್ನು ಕಿತ್ತು ತಿನ್ನುತ್ತ ಕೂರುತ್ತದೆ. ಪರಂಗಿ ಹೆಚ್ಚಾದ ಕಬಾಬಿನ ಹೊರಭಾಗ ಹಿಟ್ಟು ಕಲಸಿದಂತಾಗಿ ಒಳಗೆ ಗಟ್ಟಿಯಾಗೇ ಉಳಿಯುವುದು ಇದರಿಂದ. ಅದನ್ನು ಒಳಗೆ ಕಳಿಸಲೇಬೇಕೆಂದು ಹೊರಟ ಅಮೆರಿಕದ ಮಾಂಸೋದ್ಯಮದವರು ಕಳೆದ ಶತಮಾನದ ಐವತ್ತು ಅರವತ್ತರ ದಶಕದಲ್ಲಿ ವಧೆಗೆ ಮೊದಲು ದನದ ರಕ್ತನಾಳಕ್ಕೇ ಪಪೇಯ್ನ್ ಚುಚ್ಚಿದರು. ರಕ್ತ ಅದನ್ನು ಮೂಲೆಮೂಲೆಗೂ ಒಯ್ದಿತು. ರಕ್ತ ಹೆಚ್ಚು ಹರಿಯುವ ಪಿತ್ತಜನಕಾಂಗ, ನಾಲಿಗೆಗಳು ಬೇಯುವಾಗ ಮುದ್ದೆಯಾದವು. ಬದುಕಿರುವ ಪ್ರಾಣಿಗೆ ಅದನ್ನು ಮಾಡುವುದು ನನಗೆ ಕ್ರೌರ್ಯವೆಂದೇ ತೋರುತ್ತದೆ. ಆದರೆ ಕಿಣ್ವಕ್ಕೆ ತಾನಾಗಿ ಒಳಗೆ ಹೋಗುವ ದಾರಿಯಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಉದಾಹರಣೆ ಇನ್ನೊಂದಿಲ್ಲ.

ಈ ಕಿಣ್ವದ ಇನ್ನೊಂದು ಸ್ವಭಾವ ತಿಳಿದರೆ ಹೈದರಾಬಾದಿನ ಕಚ್ಚಿ ಬಿರಿಯಾನಿಯ ಜಾಣ್ಮೆ ಅರ್ಥವಾಗುತ್ತದೆ. ಫ್ರಿಜ್ಜಿನಲ್ಲಿ ಪಪೇಯ್ನ್ ಬಹುಪಾಲು ಸುಮ್ಮನಿರುತ್ತದೆ. 60–70 ಡಿಗ್ರಿಯಲ್ಲಿ ಅದರ ಅಬ್ಬರ ಶಿಖರಕ್ಕೇರುತ್ತದೆ, ಅದನ್ನು ಸಾಕಷ್ಟು ದಾಟಿದರೆ ನಾಶವಾಗುತ್ತದೆ. ಅಂದರೆ ಅದರ ನಿಜವಾದ ಕೆಲಸ ನಡೆಯುವುದು ನೆನೆಯುವಾಗಲ್ಲ, ಒಲೆಯ ಮೇಲೆ. ಕಚ್ಚಿ ಬಿರಿಯಾನಿಯಲ್ಲಿ ಪರಂಗಿಕಾಯಿ, ಮೊಸರು ಹಚ್ಚಿದ ಹಸಿಮಾಂಸವನ್ನು ತಳಕ್ಕೆ ಹಾಸಿ, ಅರೆಬೆಂದ ಅಕ್ಕಿಯನ್ನು ಮೇಲೆ ಹರಡಿ, ಹಿಟ್ಟಿನಿಂದ ಬಾಯಿ ಮುಚ್ಚಿ ದಮ್ಮಿಗೆ ಇಡುತ್ತಾರೆ. ಭಾರದ ಪಾತ್ರೆ, ಸಣ್ಣ ಉರಿ. ಮಾಂಸ ಆ 60–70 ಡಿಗ್ರಿಯ ಹಂತವನ್ನು ಆತುರವಿಲ್ಲದೆ ದಾಟುತ್ತದೆ. ಕಿಣ್ವಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ, ಆಮೇಲೆ ಬಿಸಿಯೇ ಅದನ್ನು ನಿಲ್ಲಿಸುತ್ತದೆ. ಅದೇ ಮಸಾಲೆಯ ತುಂಡನ್ನು ಕೆಂಡದ ಮೇಲೆ ಇಟ್ಟರೆ ಮೇಲ್ಮೈ ನಿಮಿಷಗಳಲ್ಲಿ ಆ ಹಂತ ದಾಟಿಬಿಡುತ್ತದೆ. ನೆನೆಯುವ ಹೊತ್ತನ್ನಷ್ಟೇ ಹೇಳಿ ಒಲೆಯ ಉರಿಯನ್ನು ಹೇಳದ ಪಾಕವಿಧಾನ ಪರಂಗಿಕಾಯಿಯ ಮಟ್ಟಿಗೆ ಅರ್ಧ ಪಾಕವಿಧಾನ.

ಇಷ್ಟೆಲ್ಲ ಹೇಳಿದ ಮೇಲೂ, ರಾತ್ರಿಯಿಡೀ ನೆನೆಸಿದ ಮಟನ್ ಮೆತ್ತಗಾಗುವುದು ಸುಳ್ಳಲ್ಲ. ಅದರ ಶ್ರೇಯಸ್ಸಿನಲ್ಲಿ ಒಂದು ಪಾಲು ಮಸಾಲೆಗೆ ಸಲ್ಲಬೇಕಾದದ್ದೇ ಅಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಊರುಗಳಲ್ಲಿ ಜನ ಕೇಳುವುದು ಆಗತಾನೆ ಕಡಿದ ಮಾಂಸವನ್ನು. ವಧೆಯಾದ ಕೆಲವು ಗಂಟೆಗಳಲ್ಲಿ ಸ್ನಾಯುವಿನ ಶಕ್ತಿಯ ಸಂಗ್ರಹ ಮುಗಿದು ಮಯೋಸಿನ್, ಆಕ್ಟಿನ್‌ಗಳು ಒಂದಕ್ಕೊಂದು ಬೀಗ ಹಾಕಿಕೊಂಡಂತೆ ಬಿಗಿದುಕೊಳ್ಳುತ್ತವೆ. ಆ ಬಿಗಿತದಲ್ಲಿ ಬೇಯಿಸಿದ ಮಾಂಸ ಅತಿ ಗಟ್ಟಿ. ಮುಂದೆ ಒಂದೆರಡು ದಿನ ತಂಪಿನಲ್ಲಿಟ್ಟರೆ ಸ್ನಾಯುವಿನದೇ ಕಿಣ್ವಗಳಾದ ಕ್ಯಾಲ್ಪೇನ್‌ಗಳು ತಂತುಗಳನ್ನು ಅಲ್ಲಲ್ಲಿ ಕಡಿದು ಬಿಗಿತ ಸಡಿಲಿಸುತ್ತವೆ. ಮೊಸರಿನಲ್ಲಿ ನೆನೆದ ಆ ಒಂದು ರಾತ್ರಿ ಮಾಂಸ ತನ್ನನ್ನು ತಾನೇ ಮೃದುಮಾಡಿಕೊಳ್ಳುತ್ತಿರುತ್ತದೆ. ಇದರಲ್ಲೂ ಒಂದು ಎಚ್ಚರ ಬೇಕು. 1963ರಲ್ಲಿ ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್, ಬಿಗಿತ ಬರುವ ಮೊದಲೇ ಸ್ನಾಯುವನ್ನು ತಣ್ಣಗಾಗಿಸಿದರೆ ಅದು ಬಲವಾಗಿ ಕುಗ್ಗುತ್ತದೆಂದು ತೋರಿಸಿದರು. ಕಡಿದ ಬಿಸಿಯಲ್ಲೇ ಫ್ರೀಜರಿಗೆ ಸೇರಿದ ಮಾಂಸ ಕರಗುವಾಗ ಇನ್ನೂ ಹೆಚ್ಚು ಕುಗ್ಗುತ್ತದೆ. ಅಂಗಡಿಯಿಂದ ತಂದ ಬಿಸಿ ಮಾಂಸವನ್ನು ನೇರ ಫ್ರೀಜರಿಗೆ ತುಂಬಿ, ಆಮೇಲೆ ಗಟ್ಟಿಯಾಯಿತೆಂದು ಮಸಾಲೆಯನ್ನು ದೂರುವುದು ನ್ಯಾಯವಲ್ಲ.

ವಯಸ್ಸಿನ ಮಾತೂ ಇದೆ. ಫಾರಂ ಕೋಳಿ ಅಂಗಡಿಗೆ ಬರುವುದು ಸುಮಾರು ಆರು ವಾರಕ್ಕೆ, ನಾಟಿ ಕೋಳಿ ಎಷ್ಟೋ ತಿಂಗಳಿಗೆ. ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಅಡ್ಡಬೆಸುಗೆಗಳು ಗಟ್ಟಿಯಾಗುತ್ತವೆ, ಬಿಸಿಗೂ ಸುಲಭಕ್ಕೆ ಬಿಡುವುದಿಲ್ಲ. ಅಂಥ ಕೋಳಿಯನ್ನು ಮೊಸರಿನಲ್ಲಿ ಎರಡು ದಿನ ಅದ್ದಿಟ್ಟರೂ ತವಾದ ಮೇಲೆ ಮೆತ್ತಗಾಗದು. ಅದಕ್ಕೆ ಬೇಕಾದದ್ದು ನೀರು, ಉರಿ, ತಾಳ್ಮೆ. ನಾಟಿ ಕೋಳಿ ಸಾರು ಹುಟ್ಟಿದ್ದೇ ಈ ಕಾರಣಕ್ಕೆ.

ಮೀನಿಗೆ ಮೃದುಮಾಡುವ ಅಗತ್ಯವೇ ಇಲ್ಲ. ಅದರ ಕೊಲಾಜೆನ್ ಕಡಿಮೆ, ಸಣ್ಣ ಬಿಸಿಗೇ ಕರಗುತ್ತದೆ. ಅಂಜಲ್ ಹೋಳಿಗೆ ಹುಣಸೆಹುಳಿ, ಉಪ್ಪು, ಮೆಣಸಿನಪುಡಿ ಸವರಿ ಅರ್ಧ ಗಂಟೆ ಇಡುವುದರ ಲಾಭ ಬೇರೆ: ಮೀನಿನ ನಾತಕ್ಕೆ ಕಾರಣವಾದ ಟ್ರೈಮೀಥೈಲ್‌ಅಮೀನ್ ಎಂಬ ವಸ್ತು ಹುಳಿ ತಾಗಿದ ಕೂಡಲೇ ಗಾಳಿಗೆ ಹಾರದ ಲವಣವಾಗುತ್ತದೆ. ಅರ್ಧ ಗಂಟೆಯ ಮೇಲೆ ಬಿಟ್ಟರೆ ಮೀನು ಹುಡಿಯಾಗುತ್ತದೆ, ಅಷ್ಟೆ.

ತರಕಾರಿಯವರಿಗೂ ಇಲ್ಲಿ ಪಾಠವಿದೆ, ಆದರೆ ತಿರುವುಮುರುವಾಗಿ. ತರಕಾರಿಯ ಗಟ್ಟಿತನ ಪ್ರೋಟೀನಿನದಲ್ಲ, ಜೀವಕೋಶದ ಗೋಡೆಗಳನ್ನು ಬೆಸೆದಿರುವ ಪೆಕ್ಟಿನ್‌ನದು. ಹುಳಿ ಸೇರಿದರೆ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಹುಳಿ ಹಿಂಡಿದ ಮೇಲೆ ಬೇಳೆಯಾಗಲಿ ತರಕಾರಿಯಾಗಲಿ ಬೇಯದು ಎಂಬುದು ಸಾರು ಮಾಡುವ ಪ್ರತಿ ಮನೆಗೂ ಗೊತ್ತು. ಆದ್ದರಿಂದ ತರಕಾರಿಯನ್ನು ಮೊಸರಿನಲ್ಲಿ ನೆನೆಸುವುದು ರುಚಿಗೇ ಹೊರತು ಮೆತ್ತಗಾಗಲು ಅಲ್ಲ. ನಮ್ಮಲ್ಲಿ ಇದರ ಅತಿ ಸುಂದರ ಉದಾಹರಣೆ ಮಜ್ಜಿಗೆ ಮೆಣಸಿನಕಾಯಿ. ಹಸಿಮೆಣಸಿನಕಾಯಿಯ ಮೇಲೆ ನೀರನ್ನು ಬಿಟ್ಟುಕೊಡದ ಮೇಣದ ಪದರವಿರುತ್ತದೆ. ಹಾಗಾಗಿ ಮೊದಲು ಸೀಳುತ್ತಾರೆ. ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ಅದ್ದಿ, ಹಗಲು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತಾರೆ. ಬಿಸಿಲಿನಲ್ಲಿ ಕಳೆದುಕೊಂಡ ನೀರಿನ ಜಾಗಕ್ಕೆ ರಾತ್ರಿ ಉಪ್ಪು, ಹುಳಿ ಹೋಗಿ ಕೂರುತ್ತವೆ. ವಿಸರಣೆಯೊಂದನ್ನೇ ನಂಬದೆ, ಒಣಗಿಸಿ ಹೀರಿಸುವ ಈ ವಿಧಾನ ಬಹಳ ಬುದ್ಧಿವಂತಿಕೆಯದು. ಮಾಂಸಕ್ಕೆ ಸಿಗದ ಆಳವನ್ನು ಈ ಮೆಣಸಿನಕಾಯಿ ಪಡೆಯುತ್ತದೆ.

ಬೆಂಕಿಯ ಬಗ್ಗೆ ಒಂದು ಮಾತು. ಜಪಾನಿನ ತಕಾಶಿ ಸುಗಿಮುರಾ ಮತ್ತು ಜೊತೆಗಾರರು 1970ರ ದಶಕದಲ್ಲಿ, ಸುಟ್ಟ ಮೀನು ಮಾಂಸಗಳ ಕರಕಲಿನಲ್ಲಿ ವಂಶವಾಹಿಗೆ ಹಾನಿ ಮಾಡುವ ವಸ್ತುಗಳಿರುವುದನ್ನು ಕಂಡರು. 1997ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ವಿನೆಗರ್, ನಿಂಬೆ, ಬೆಳ್ಳುಳ್ಳಿ, ಸಾಸಿವೆ, ಎಣ್ಣೆ, ಸಕ್ಕರೆಗಳಲ್ಲಿ ನೆನೆಸಿದ ಕೋಳಿಯನ್ನು ಸುಟ್ಟು ನೋಡಿದಾಗ, ಇಂಥ ವಸ್ತುಗಳಲ್ಲಿ ಮುಖ್ಯವಾದದ್ದೊಂದು ಬಹಳ ಕಡಿಮೆಯಾಗಿತ್ತು. ಹೆಚ್ಚು ಹೊತ್ತು ಸುಟ್ಟಾಗ ಇನ್ನೊಂದು ಹೆಚ್ಚಾಗಿತ್ತು. ನೆನೆಸಿಡುವುದು ರಕ್ಷಣೆ ಕೊಡುತ್ತದೆ ಎಂದು ಕರಕಲು ಮಾಡಿಕೊಂಡು ತಿನ್ನುವುದಕ್ಕೆ ಇದು ಪರವಾನಗಿಯಲ್ಲ.

ಇಷ್ಟನ್ನೆಲ್ಲ ಅಡುಗೆಮನೆಗೆ ತಂದರೆ ಕ್ರಮ ಹೀಗಾಗುತ್ತದೆ. ಹಿಂದಿನ ರಾತ್ರಿ ಉಪ್ಪು, ಬೇಕಿದ್ದರೆ ಮೊಸರು. ಅಡುಗೆಗೆ ಒಂದೆರಡು ಗಂಟೆ ಮೊದಲು ಅರೆದ ಮಸಾಲೆ ಮತ್ತು ಎಣ್ಣೆ. ಪರಂಗಿಕಾಯಿ ಹಾಕುವುದಾದರೆ ಕೆಜಿಗೆ ಒಂದೆರಡು ಚಮಚ, ಅದೂ ದಮ್ಮಿನ ಅಡುಗೆಗೆ. ನಿಂಬೆ ಎಲ್ಲಕ್ಕಿಂತ ಕೊನೆಗೆ. ಪಾತ್ರೆ ಸ್ಟೀಲ್, ಗಾಜು ಅಥವಾ ಪಿಂಗಾಣಿಯದಾಗಿರಲಿ, ಹುಳಿ ತಾಗಿದ ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಕರಗಿ ಅಡುಗೆಗೆ ಸೇರುತ್ತವೆ. ಒಂದು ಗಂಟೆಗಿಂತ ಹೆಚ್ಚು ನೆನೆಯುವುದಾದರೆ ಫ್ರಿಜ್ಜಿನೊಳಗೇ ನೆನೆಯಬೇಕು, 4–5 ಡಿಗ್ರಿಯಲ್ಲಿ. ಮೊಸರಿನ ಹುಳಿಯಾಗಲಿ ಬೆಳ್ಳುಳ್ಳಿಯಾಗಲಿ ರೋಗಾಣುಗಳನ್ನು ಕೊಲ್ಲುತ್ತವೆಂದು ನೆಚ್ಚಿಕೊಳ್ಳಬೇಡಿ. ಹಸಿಮಾಂಸ ಮುಳುಗಿದ್ದ ಮಸಾಲೆ ಪಾತ್ರೆಯ ತಳದಲ್ಲಿ ಉಳಿದರೆ ಅದನ್ನು ಹಾಗೇ ಚಟ್ನಿಯಂತೆ ಬಡಿಸಬೇಡಿ, ಬೆಂದ ತುಂಡಿನ ಮೇಲೆ ಸವರಲೂ ಬೇಡಿ. ಕುದಿಸಿ, ಚೆನ್ನಾಗಿ ಕುದಿ ಬಂದ ಮೇಲಷ್ಟೇ ಬಳಸಿ.